ದಾನದಾಫೀಸಿನ ಉಸಿರು

"ಬಾಯಿಗೆ ಬಟ್ಟೆ ಕಟ್ಕೊಂಡ್ರೆ ಕೈನೂ ಕಟ್ಕೊಂಡು ಕೂರಬೇಕು ಅಂತ ಯಾವ ಬೋಳಿಮಗ ಹೇಳ್ಕೊಟ್ಟ ನಿಂಗೆ? ಆಡಿಸೇ ಜರಡೀನ!"

ಮೇಸ್ತ್ರಿ ಕೂಗಿದ್ದು ಕಡ್ಡಿಗೆ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಜರಡಿ ಶೆಡ್ಡಿಗೆ ಕಾಲಿಟ್ಟ ದಿನವೇ ಅವಳ ತೋಳು ನೋಡಿ ಯಾರೋ ಹಾಗೆ ಕರೆದಿದ್ದರು, ಅದೇ ನಿಂತುಬಿಟ್ಟಿತ್ತು. ಅವಳ ಕೈ ತಡೆದದ್ದೂ ನಿಜವೇ. ಕಲ್ಲು ಅರೆಯುವ ದೊಡ್ಡ ಯಂತ್ರ ಒಂದು ಗಳಿಗೆ ಸದ್ದು ತಗ್ಗಿಸಿದಂತಾಗಿ, ಕರೆಂಟು ಹೋಯಿತೇನೋ ಎಂದು ಅವಳ ಜೀವ ಹಾರಿಹೋಗಿತ್ತು. ಗಿರಣಿಗೆ ಕರೆಂಟು ಹೋದರೆ ಅದರ ಹಿಂದಿನ ಕೂಲಿಯವರ ಲೈನ್ ಮನೆಗಳಿಗೂ ಹೋಗುತ್ತದೆ. ಲೈನ್ ಮನೆಗೆ ಹೋದರೆ ಅವಳ ಗಂಡನ ಮೂಗಿಗೆ ಗಾಳಿ ಹೋಗುವುದಿಲ್ಲ. ಯಂತ್ರ ಮತ್ತೆ ಗುಡುಗಿತು. ಕಡ್ಡಿ ಜರಡಿ ಆಡಿಸಿದಳು. ಬಿಳಿಕಲ್ಲಿನ ಪುಡಿ ಹಿಟ್ಟಿನಂತೆ ಉದುರಿ, ಅರ್ಧ ಕೆಳಗಿನ ತೊಟ್ಟಿಗೆ ಬಿತ್ತು, ಅರ್ಧ ಮೇಲಕ್ಕೆದ್ದು ಅವಳ ರೆಪ್ಪೆಯ ಮೇಲೆ ಕೂತಿತು.

ಮೇಸ್ತ್ರಿ ಹತ್ತಿರ ಬಂದು ದನಿ ತಗ್ಗಿಸಿದ. ಬೈಯುವಾಗಿನದಕ್ಕಿಂತ ದನಿ ತಗ್ಗಿಸಿದಾಗಲೇ ಅವನು ಹೆಚ್ಚು ಹೆದರಿಕೆ ಹುಟ್ಟಿಸುತ್ತಿದ್ದ. "ನಾಳೆ ದಾನದಾಫೀಸಿನವರು ನಿನ್ನ ಮನೆಗೆ ಬರ್ತಾರಂತೆ. ದೊಡ್ಡಮ್ಮಾವ್ರು, ಸಣ್ಣಮ್ಮಾವ್ರು, ಇಬ್ರೂ. ಹಂದಿಗೂಡಿನ ಥರ ಇಟ್ಕೊಂಡು ನನ್ನ ಮಾನ ಕಳೀಬೇಡ."

"ಯಾಕಂತೆ ಮೇಸ್ತ್ರಿ?"

"ಯಾಕೆ ಅಂತ ಕೇಳೋಕೆ ನೀನೇನು ಅವರ ಬೀಗಿತ್ತಿಯಾ? ಬರ್ತಾರೆ, ಅಷ್ಟೆ."

ಗಿರಣಿ ನಡೆಸುವುದು ದೊಡ್ಡಮ್ಮನ ಮನೆಯ ಗಂಡಸರು, ದಾನ ನಡೆಸುವುದು ಆ ಮನೆಯ ಹೆಂಗಸರು. ತೀರಿಕೊಂಡ ಹಿರಿಯರ ಹೆಸರಿನಲ್ಲಿ ಪ್ರತಿಷ್ಠಾನ ಎಂದು ದೊಡ್ಡ ಬೋರ್ಡು ಹಾಕಿದ್ದರೂ ಲೈನಿನ ಬಾಯಲ್ಲಿ ಅದು ದಾನದಾಫೀಸು. ಲೈನಿನ ನೀರಿನ ಟ್ಯಾಂಕು ಅವರದು, ಶಾಲೆಯ ಬೆಂಚು ಅವರದು, ಮಕ್ಕಳ ಚೀಲಗಳ ಮೇಲಿನ ಹೆಸರೂ ಅವರದು. ಎರಡು ವರ್ಷದ ಹಿಂದೆ ಕಡ್ಡಿಯ ಗಂಡನಿಗೆ ಉಸಿರಿನ ಮೆಷಿನ್ ಕೊಟ್ಟದ್ದೂ ಅವರೇ. ಅವನನ್ನು ಇವತ್ತಿಗೂ ಎಲ್ಲರೂ ಪೈಲ್ವಾನ ಅಂತಲೇ ಕರೆಯುತ್ತಾರೆ. ಅರೆಯುವ ಯಂತ್ರದ ಬಾಯಿಗೆ ಕಲ್ಲು ಸುರಿಯುತ್ತಿದ್ದ, ಎರಡು ಮೂಟೆ ಒಟ್ಟಿಗೆ ಹೆಗಲಿಗೇರಿಸುತ್ತಿದ್ದ ಆಳು. ಈಗ ಮಂಚದಿಂದ ಬಚ್ಚಲಿಗೆ ಹೋಗಬೇಕಾದರೆ ನಡುವೆ ಗೋಡೆ ಹಿಡಿದು ನಿಂತು ಸುಧಾರಿಸಿಕೊಳ್ಳುತ್ತಾನೆ.

ಲೈನಿನಲ್ಲಿ ಅವನಂಥವರು ಬೇಕಾದಷ್ಟಿದ್ದರು. ಮೆಷಿನ್ ಬಂದದ್ದು ಅವನೊಬ್ಬನಿಗೆ. ಯಾಕೆ ಅವನಿಗೇ ಬಂತು ಎಂದು ಯಾರಿಗೂ ಗೊತ್ತಾಗಲಿಲ್ಲ. ಪಕ್ಕದ ಮನೆಯವನು ಅದೇ ವರ್ಷ ತೀರಿಕೊಂಡ. ಅವನ ಹೆಂಡತಿ ಗುಂಡಕ್ಕ ಶೆಡ್ಡಿನಲ್ಲಿ ಕಡ್ಡಿಯ ಎದುರು ಜರಡಿಯವಳು. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ.

ಸಂಜೆ ಪಾಳಿ ಮುಗಿದ ಮೇಲೆ ನಲ್ಲಿಯ ಹತ್ತಿರ ಹೆಂಗಸರು ಇಬ್ಬಿಬ್ಬರಾಗಿ ನಿಂತು ಒಬ್ಬರ ಬೆನ್ನನ್ನು ಒಬ್ಬರು ಬಟ್ಟೆಯಿಂದ ಒದರಿಕೊಳ್ಳುತ್ತಿದ್ದರು. ಯಾರೂ ಹೇಳಿಕೊಟ್ಟ ನಿಯಮವಲ್ಲ. ಮೈಮೇಲೆ ಬಿಳಿ ಇಟ್ಟುಕೊಂಡು ಲೈನಿಗೆ ಕಾಲಿಟ್ಟರೆ ಅವಳು ಕೊಳಕಿ ಅಂತಲೇ ಲೆಕ್ಕ. ಕಡ್ಡಿಗೆ ಗುಂಡಕ್ಕನೇ ಜೋಡಿ.

"ನಿನ್ನ ಬೆನ್ನೆಲ್ಲಿದೆ ಅಂತ ಹುಡುಕೋದ್ರಲ್ಲೇ ನನ್ನ ಸಂಜೆ ಕಳೀತು ಕಣೇ," ಗುಂಡಕ್ಕ ಬಟ್ಟೆ ಬೀಸಿದಳು.

"ನಿನ್ನ ಬೆನ್ನು ಒದರೋಕೆ ನಂಗೆ ಎರಡಾಳಿನ ಕೂಲಿ ಕೊಡ್ಬೇಕು, ಅದನ್ನು ಹೇಳು."

"ನಾಳೆ ಬರ್ತಾರಂತಲ್ಲ ಆ ಪುಣ್ಯಾತ್ಗಿತ್ತಿಯರು. ಏನಕ್ಕೋ?"

"ನೋಡೋಕಿರಬೇಕು. ಮೆಷಿನ್ ಚೆನ್ನಾಗಿಟ್ಕೊಂಡಿದೀವಾ ಅಂತ."

ಗುಂಡಕ್ಕನ ಕೈ ತಡೆಯಿತು. "ಕೊಟ್ಟ ಮೇಲೆ ತಿರುಗಿ ನೋಡದೋರು ಈಗ ನೋಡೋಕ್ ಬರ್ತಾರೆ ಅಂದ್ರೆ ನಂಗ್ಯಾಕೋ ಸರಿ ಕಾಣಲ್ಲಪ್ಪ," ಎಂದಳು. ಮತ್ತೆ ತಾನೇ, "ಹೋಗ್ಲಿ ಬಿಡು, ನಂದು ಹಾಳು ಬಾಯಿ. ನಡಿ, ಮನೆ ಗುಡಿಸೋಣ," ಅಂದಳು.

ಗುಡಿಸಿದ್ದು ಕಡ್ಡಿಯ ಮನೆಯನ್ನಷ್ಟೇ ಅಲ್ಲ, ಇಡೀ ಲೈನನ್ನು. ಯಾರೂ ಯಾರನ್ನೂ ಕರೆಯಲಿಲ್ಲ. ದೊಡ್ಡವರು ಬರುತ್ತಾರೆ ಅಂದದ್ದೇ ಸಾಕಾಯಿತು. ತಗಡಿನ ಮಾಡುಗಳ ಮೇಲೆ ಕೊಡಗಟ್ಟಲೆ ನೀರು ಬಿತ್ತು, ಕಿಟಕಿಯ ಸರಳು ಒಂದೊಂದನ್ನೂ ಒರೆಸಿದರು, ಬಿಳಿಯಾಗಿ ಹೋಗಿದ್ದ ಗಿಡದ ಎಲೆಗಳನ್ನು ಹೆಣ್ಣುಮಕ್ಕಳು ಕೈಯಲ್ಲಿ ಹಿಡಿದು ತೊಳೆದರು. ಹೊತ್ತು ಮುಳುಗುವಾಗ ಓಣಿ ಬೇರೆ ಯಾವುದೋ ಊರಿನದರಂತೆ ಹೊಳೆಯುತ್ತಿತ್ತು. ಕಡ್ಡಿ ಒಳಗೆ ಅಟ್ಟದ ಮೇಲಿನ ಡಬ್ಬಿಗಳನ್ನೂ ಇಳಿಸಿ ಬೆಳಗಿದಳು. ಮಂಚದ ಮೇಲೆ ಕೂತ ಪೈಲ್ವಾನ ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಅವಳನ್ನೇ ನೋಡುತ್ತಿದ್ದ. ಪಕ್ಕದಲ್ಲಿ ಮೆಷಿನ್ ತನ್ನ ಪಾಡಿಗೆ ಬುಸ್ಸೆಂದು ಎಳೆದು ಟಕ್ಕೆಂದು ಬಿಡುತ್ತಿತ್ತು.

"ನನ್ನನ್ನೂ ಒಂದ್ಸಲ ಬೆಳಗಿಬಿಡೇ," ಅವನು ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಅಂದ.

"ನಿಮ್ಮನ್ನ ಹುಣಸೇಹಣ್ಣು ಹಾಕಿ ತಿಕ್ಕಬೇಕು. ಬರೀ ಬೂದಿಗೆ ಹೋಗಲ್ಲ."

ಅವನು ನಕ್ಕ. ನಕ್ಕದ್ದು ಕೆಮ್ಮಾಯಿತು. ಕೆಮ್ಮು ಮುಗಿಯುವ ತನಕ ಅವಳು ಡಬ್ಬಿ ಹಿಡಿದುಕೊಂಡು ನಿಂತೇ ಇದ್ದಳು. ಅವನು ಕೆಮ್ಮುವಾಗ ಹತ್ತಿರ ಹೋಗಿ ಬೆನ್ನು ಸವರಿದರೆ ಅವನಿಗೆ ಸಿಟ್ಟು ಬರುತ್ತಿತ್ತು. ಹೋಗದಿದ್ದರೆ ಅವಳಿಗೆ ಸಂಕಟವಾಗುತ್ತಿತ್ತು. ಅಷ್ಟು ದೂರದಲ್ಲಿ ನಿಲ್ಲುವುದನ್ನು ಅವರ ಸಂಸಾರ ಎರಡು ವರ್ಷದಲ್ಲಿ ಕಲಿತುಕೊಂಡಿತ್ತು.

ಬೆಳಿಗ್ಗೆ ಅವನಿಗೆ ಬಿಸಿನೀರಲ್ಲಿ ಮೈ ಒರೆಸಿ, ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ತೊಡಿಸಿದಳು. ಮದುವೆಯ ಹೊಸದರಲ್ಲಿ ಹೊಲಿಸಿದ ಅಂಗಿ. ಒಳಗೆ ಅವನಂಥ ಇನ್ನೊಬ್ಬ ಹಿಡಿಯುವಷ್ಟು ಜಾಗವಿತ್ತು.

ಕಾರಿನ ಬಾಗಿಲು ಹಾಕಿದ ಸದ್ದು ಕೇಳಿಸಿತು. ಆಗ ಪೈಲ್ವಾನ ಕೈ ಚಾಚಿ ಮೆಷಿನ್ ಕಡೆ ತೋರಿಸಿದ. "ಆರಿಸು."

"ಯಾಕೆ?"

"ದೊಡ್ಡೋರು ಬಂದಾಗ... ಇದು ಬುಸುಬುಸು ಅಂತಿದ್ರೆ... ಮಾತು ಕೇಳ್ಸುತ್ತಾ? ಮೂಗಲ್ಲಿ ನಳಿಗೆ ಇಟ್ಕೊಂಡು... ಕೈ ಮುಗೀಲಾ?"

ಅವಳಿಗೂ ಅದು ಸರಿಯೆನ್ನಿಸಿತು. ಮನೆಗೆ ಬಂದವರ ಎದುರು ರೇಡಿಯೋ ಆರಿಸುವುದಿಲ್ಲವೇ, ಹಾಗೆ. ಬಂದು ಹೋಗುವಷ್ಟು ಹೊತ್ತು ತಾನೆ. ಅವಳು ಸ್ವಿಚ್ಚು ಒತ್ತಿದಳು. ನಳಿಗೆಯನ್ನು ಸುತ್ತಿ, ಮೆಷಿನ್ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿದಳು.

ದೊಡ್ಡಮ್ಮ ಕುರ್ಚಿಯಲ್ಲಿ ಕೂತು ಸೆರಗಿನಿಂದ ಕತ್ತು ಒರೆಸಿಕೊಂಡಳು. ವಯಸ್ಸಾದ, ಮೆತ್ತನೆಯ ಹೆಂಗಸು. ಅವಳ ಸೊಸೆ ಸಣ್ಣಮ್ಮ ಕೂರಲಿಲ್ಲ. ಕಿಟಕಿಯ ಹಲಗೆಯ ಮೇಲೆ ಬೆರಳು ಎಳೆದು, ಬೆರಳನ್ನು ನೋಡಿಕೊಂಡಳು. "ಅತ್ತೆ, ನೋಡಿ. ಒಂದು ಚೂರು ಧೂಳಿಲ್ಲ. ಸುಮ್ನೆ ಗಿರಣಿ ಧೂಳು ಗಿರಣಿ ಧೂಳು ಅಂತಾರೆ ಜನ."

"ಪಾಪ, ಎಷ್ಟು ಚೊಕ್ಕಟವಾಗಿ ಇಟ್ಕೊಂಡಿದಾಳೆ," ದೊಡ್ಡಮ್ಮ ಅಂದಳು. ಕಡ್ಡಿಯ ಎದೆ ಉಬ್ಬಿತು.

ಅವರ ಹಿಂದೆ ನಿಂತ ದಾನದಾಫೀಸಿನ ಕಾರ್ಯದರ್ಶಿ ಏನನ್ನೋ ಬರೆದುಕೊಂಡ.

"ಹೇಗಿದೀರಪ್ಪ?" ಸಣ್ಣಮ್ಮ ಪೈಲ್ವಾನನನ್ನು ಕೇಳಿದಳು.

ಅವನು ಎದ್ದು ನಿಂತ. ಗೋಡೆ ಹಿಡಿಯಲಿಲ್ಲ. ಎರಡೂ ಕೈ ಜೋಡಿಸಿದ. "ಚೆನ್ನಾಗಿದೀನಿ ಅಮ್ಮಾವ್ರೇ. ನಿಮ್ಮ ದಯೆ."

"ಮೆಷಿನ್ ಇಲ್ದೇನೂ ಇರ್ತೀರ ಹಾಗಾದ್ರೆ?"

"ಇರ್ತೀನಮ್ಮ."

ಅವನ ಕಿವಿಯ ಹಿಂದಿನಿಂದ ಬೆವರಿನ ಒಂದು ಗೆರೆ ಅಂಗಿಯ ಕಾಲರಿನೊಳಗೆ ಇಳಿಯುವುದನ್ನು ಕಡ್ಡಿ ನೋಡಿದಳು. ಹೋಗಲಿ, ಹೋಗಲಿ, ಇವರು ಬೇಗ ಹೋಗಲಿ ಎಂದು ಒಳಗೇ ಅಂದುಕೊಂಡಳು. ಅವರಿಗೆ ಅವಸರವಿರಲಿಲ್ಲ. ಸಣ್ಣಮ್ಮ ನಡುಮನೆಯಲ್ಲಿ ನಿಂತು ಅತ್ತೆಗೆ ವಿವರಿಸುತ್ತಿದ್ದಳು: ಎಲ್ಲ ಕಡೆ ಚಿಲ್ಲರೆ ಚೆಲ್ಲಿದಂತೆ ಕೊಟ್ಟರೆ ಎಲ್ಲೂ ಏನೂ ಕಾಣುವುದಿಲ್ಲ, ನಮ್ಮದು ಅಂತ ಒಂದು ಧ್ಯೇಯ ಬೇಕು, ಆದ್ಯತೆ ಬೇಕು, ಮುಗಿದು ಹೋಗಿರುವುದಕ್ಕಲ್ಲ, ಮುಂದೆ ಬೆಳೆಯುವುದಕ್ಕೆ ಕೊಡಬೇಕು. ದೊಡ್ಡಮ್ಮ ಹೂಂಗುಟ್ಟುತ್ತಿದ್ದಳು. ಪೈಲ್ವಾನ ಜೋಡಿಸಿದ ಕೈ ಬಿಡದೆ ನಿಂತಿದ್ದ. ಅವನ ಉಗುರುಗಳು ನೇರಳೆಯಾಗುತ್ತಿದ್ದವು.

ಕಾರು ಹೊರಟ ಮೇಲೆ ಅವನು ಮಂಚದ ಮೇಲಲ್ಲ, ನೆಲದ ಮೇಲೆ ಬಿದ್ದ. ಗೋಡೆಯಾಚೆಯಿಂದ ಗುಂಡಕ್ಕ ಓಡಿಬಂದಳು. ನಳಿಗೆ ಸಿಕ್ಕಿಸಿ, ಸ್ವಿಚ್ಚು ಹಾಕಿ, ಇಬ್ಬರೂ ಅವನ ಪಾದ ತಿಕ್ಕಿದರು.

"ಯಾವ ಸೀಮೆ ಮರ್ಯಾದೆನೇ ಇದು, ಮುಂಡೇವಾ? ಆರಿಸಿಟ್ಟಿದ್ರಾ?" ಗುಂಡಕ್ಕ ಅಳುತ್ತಲೇ ಬೈದಳು.

ಕಡ್ಡಿ ತಿಕ್ಕುತ್ತಲೇ ಇದ್ದಳು. ಅಷ್ಟಾದರೂ ಅವಳ ಮನಸ್ಸಿನ ಒಂದು ಮೂಲೆಯಲ್ಲಿ ದೊಡ್ಡಮ್ಮ ಅಂದ ಚೊಕ್ಕಟ ಅನ್ನುವ ಮಾತು ಇನ್ನೂ ಬೆಚ್ಚಗಿತ್ತು. ಅದಕ್ಕಾಗಿ ಆಮೇಲೆ ಅವಳು ತನ್ನನ್ನು ಬಹಳ ಬೈದುಕೊಂಡಳು.

ವಾರ ಕಳೆದ ಮೇಲೆ ದಾನದಾಫೀಸಿನಿಂದ ಕರೆ ಬಂತು. ಅವಳು ಹೋದಾಗ ಬಾಗಿಲ ಮೇಲೆ ಏಣಿ ಹಾಕಿಕೊಂಡು ಒಬ್ಬ ಪೇಂಟರು ಹಳೆಯ ಬೋರ್ಡಿನ ಅಕ್ಷರ ಕೆರೆಯುತ್ತಿದ್ದ. 'ನೊಂದವರಿಗೆ ನೆರಳು' ಎಂದು ಇದ್ದದ್ದರಲ್ಲಿ ನೆರಳು ಮಾತ್ರ ಉಳಿದಿತ್ತು. ಕೆರೆದ ಬಣ್ಣದ ಚೂರು ತಲೆ ಮೇಲೆ ಬೀಳದಂತೆ ಅವಳು ಬಗ್ಗಿ ಒಳಗೆ ಹೋದಳು.

ಒಳಗೆ ತಣ್ಣಗಿತ್ತು. ಕಾರ್ಯದರ್ಶಿ ಕೂತುಕೋ ಎನ್ನಲಿಲ್ಲ. ಅವನ ಮೇಜಿನ ಎದುರು ಕುರ್ಚಿಗಳಿದ್ದವು, ಅವುಗಳ ಮೇಲೆ ಹೊಸ ಚೀಲಗಳನ್ನು ಪೇರಿಸಿದ್ದರು.

"ನಿನ್ನ ಯಜಮಾನ ಸುಧಾರಿಸಿಕೊಂಡಿದಾನೆ, ಸಂತೋಷ," ಅವನು ಶುರುಮಾಡಿದ. "ಈಗ ಪ್ರತಿಷ್ಠಾನದ ಆದ್ಯತೆ ಬದಲಾಗಿದೆ. ಇನ್ಮೇಲೆ ನಾವು ಕಾಯಿಲೆಗೆ ಕೊಡಲ್ಲ, ಆರೋಗ್ಯಕ್ಕೆ ಕೊಡ್ತೀವಿ. ಮಕ್ಕಳು. ನಾಳಿನ ನಗು ಅಂತ. ಪಟ್ಟಣದ ಮಕ್ಕಳ ಆಸ್ಪತ್ರೇಲಿ ಒಂದು ವಾರ್ಡು ಮಾಡ್ತಿದೀವಿ. ಆ ಮೆಷಿನ್ ಅಲ್ಲಿಗೆ ಹೋಗುತ್ತೆ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಯಾವ ಮೆಷಿನ್ ಎಂದು ಕೇಳಿದಳು.

"ನಿಮ್ಮನೇಲಿರೋದು."

"ಅದು ಹೋದ್ರೆ ಅವರು ಹೋಗ್ತಾರೆ ಸಾರ್."

"ಬಂದಾಗ ನೋಡಿದೆನಲ್ಲಮ್ಮ. ಎದ್ದು ನಿಂತು ಮಾತಾಡಿದ. ಮೆಷಿನ್ ಆರಿಸಿ ಬಟ್ಟೆ ಹೊದಿಸಿಟ್ಟಿದ್ರಿ."

"ನೀವು ಬರ್ತೀರ ಅಂತ ಆರಿಸಿದ್ದು ಸಾರ್. ಸದ್ದಾಗುತ್ತೆ ಅಂತ. ನೀವು ಹೋದ್ಮೇಲೆ ಬಿದ್ಬಿಟ್ರು."

ಕಾರ್ಯದರ್ಶಿ ಕನ್ನಡಕ ತೆಗೆದ. "ಹಾಗಾದ್ರೆ ದೊಡ್ಡಮ್ಮಾವ್ರ ಮುಂದೆ ನಿಂತು ಸುಳ್ಳು ಹೇಳಿದ್ರಿ."

ಸುಳ್ಳೆಂದರೆ ಸುಳ್ಳೇ. ಯಾರಿಗೂ ಕಷ್ಟವಾಗಬಾರದು ಅಂತ ಹೇಳಿದ ಮಾತಿಗೆ ಬೇರೆ ಹೆಸರಿರಬೇಕು. ಅವಳಿಗೆ ಅದು ಹೊಳೆಯಲಿಲ್ಲ.

"ಅದು ಹೋಗ್ಲಿ," ಅವನು ಉದಾರವಾಗಿ ಕೈ ಬೀಸಿದ. "ಸಮಾರಂಭದ ದಿನ ಮೆಷಿನ್ನ ನೀನೇ ನಿನ್ನ ಕೈಯಾರೆ ಕೊಡಬೇಕು ಅಂತ ಸಣ್ಣಮ್ಮಾವ್ರ ಆಸೆ. ನಮಗೆ ಇನ್ನು ಬೇಡ, ಯಾವುದಾದ್ರೂ ಮಗುವಿಗೆ ಆಗ್ಲಿ. ಇಷ್ಟು ಹೇಳಿದ್ರೆ ಸಾಕು. ಹೇಳು ನೋಡೋಣ."

ಅವಳು ಕುರ್ಚಿಯ ಮೇಲಿನ ಚೀಲಗಳನ್ನೇ ನೋಡುತ್ತಾ ನಿಂತಳು.

"ಏನಮ್ಮ, ಕೂಸಿನ ಮೂಗಿಂದ ಕಿತ್ಕೊಂಡು ಗಂಡನಿಗೆ ಇಡ್ತೀಯಾ? ನೀನೂ ಹೆಂಗಸಲ್ವಾ? ಜರಡಿ ಶೆಡ್ಡಲ್ಲಿ ಕೆಲಸ ನಡೀತಿದೆ ತಾನೆ ನಿಂದು?"

ಕೊನೆಯ ಪ್ರಶ್ನೆಯನ್ನು ಅವನು ಮೊದಲಿನವುಗಳ ದನಿಯಲ್ಲೇ ಕೇಳಿದ. ಅವಳು ನಡೀತಿದೆ ಎಂದಳು. ಹೊರಗೆ ಬಂದಾಗ ಬೋರ್ಡಿನ ಮೇಲೆ ಏನೂ ಇರಲಿಲ್ಲ. ಪೇಂಟರು ಬೀಡಿ ಸೇದುತ್ತಾ ಕೂತಿದ್ದ.

"ಮಕ್ಕಳ ಆಸ್ಪತ್ರೆಗೆ ಹೊಸದು ತಂದುಕೊಡೋಕಾಗದಷ್ಟು ಬಡತನ ಬಂತಾ ಆ ಮನೇಗೆ?" ಗುಂಡಕ್ಕ ಸಂಜೆ ಬಟ್ಟೆಯನ್ನು ನೆಲಕ್ಕೆ ಬಡಿದಳು. "ಅವರವ್ವನ್. ನೀನೇನಂದೆ?"

"ಏನೂ ಅನ್ನಲಿಲ್ಲ."

"ಹೂಂ ಅಂದಂಗೇ ಆಯ್ತು ಬಿಡು."

ಗುಂಡಕ್ಕ ಅಷ್ಟು ಹೇಳಿ ಬೆನ್ನು ತಿರುಗಿಸಿ ನಿಂತಳು. ಕಡ್ಡಿ ಒದರಿದಳು. ಬಿಳಿ ಎದ್ದು ಇಬ್ಬರ ನಡುವೆ ನಿಂತುಕೊಂಡಿತು. ಆಗ ಗುಂಡಕ್ಕ ಆಚೆ ಮುಖ ಮಾಡಿಕೊಂಡೇ ಅಂದಳು: "ನನ್ನವನು ಸಾಯೋವಾಗ ನಿಮ್ಮ ಮೆಷಿನ್ ಸದ್ದು ಕೇಳ್ತಾ ಇತ್ತು ಕಣೇ, ಗೋಡೆಯಾಚೆಯಿಂದ. ಅದರ ತಾಳಕ್ಕೆ ಉಸಿರು ಎಳೆಯೋಕೆ ನೋಡ್ತಿದ್ದ, ಮಂಕುಮುಂಡೇದು. ಅದು ಎಳೆದಾಗ ತಾನೂ ಎಳೆಯೋದು. ಕೊನೆಗೆ ಅದು ಎಳೀತು, ಇವನು ಎಳೀಲಿಲ್ಲ."

ಎರಡು ವರ್ಷದಲ್ಲಿ ಒಮ್ಮೆಯೂ ಅವಳು ಇದನ್ನು ಹೇಳಿರಲಿಲ್ಲ. ಕಡ್ಡಿಯ ಕೈ ಅವಳ ಬೆನ್ನ ಮೇಲೆ ಹಾಗೇ ಉಳಿಯಿತು.

ಸಮಾರಂಭದ ದಿನ ಬೆಳಿಗ್ಗೆ ರಿಪೇರಿಯವನು ವ್ಯಾನು ತಂದ. ಎರಡು ವರ್ಷದಿಂದ ಆಗಾಗ ಬಂದು ಮೆಷಿನ್ ಒರೆಸಿ, ಜಾಲರಿ ಬದಲಾಯಿಸಿ ಹೋಗುತ್ತಿದ್ದವನೇ. ಪ್ರತಿ ಸಲ ಚಹಾ ಕುಡಿದು ಹೋಗುತ್ತಿದ್ದವನು ಇವತ್ತು ಬೇಡವೆಂದ. ಪೈಲ್ವಾನನ ಮುಖ ನೋಡದೆ ಪ್ಲಗ್ಗು ಕಿತ್ತ.

"ಇದಕ್ಕೆ ಬದಲು ಸಿಲಿಂಡರು ಇಟ್ಟು ಹೋಗ್ತೀನಕ್ಕ. ಸಂಜೆವರೆಗೂ ಬರುತ್ತೆ. ಸಂಜೆ ಇನ್ನೊಂದು ಕಳಿಸ್ತಾರಂತೆ."

"ಯಾರು ಹೇಳಿದ್ರು?"

"ಕಾರ್ಯದರ್ಶಿಗಳು." ಅವನು ಮೆಷಿನ್ ಎತ್ತಿಕೊಂಡ. ಹೊಸ್ತಿಲಲ್ಲಿ ನಿಂತು, "ನಂಗೂ ಮನೆಯಿದೆ ಅಕ್ಕ," ಅಂದ. ಅವಳು ಏನನ್ನೂ ಕೇಳಿರಲಿಲ್ಲ.

ಮೆಷಿನ್ ಇದ್ದ ಜಾಗದಲ್ಲಿ ನೆಲದ ಬಣ್ಣ ಬೇರೆಯಿತ್ತು. ಮನೆಯಲ್ಲಿ ಸದ್ದೇ ಇರಲಿಲ್ಲ. ಇಷ್ಟು ದಿನ ಆ ಸದ್ದಿಗೆ ಕಿವಿಗೊಟ್ಟೇ ಬೇಯಿಸಿದ್ದಳು, ತೊಳೆದಿದ್ದಳು, ಮಲಗಿದ್ದಳು. ನಿದ್ದೆಯಲ್ಲೂ ಅವಳ ಒಂದು ಕಿವಿ ಎಚ್ಚರವಿರುತ್ತಿತ್ತು. ಸಿಲಿಂಡರಿನ ಸದ್ದು ಸಣ್ಣದು, ಹಾವು ದೂರದಲ್ಲಿ ಹರಿದಂತೆ. ಅದರ ಮೀಟರಿನ ಮುಳ್ಳು ಮಧ್ಯಾಹ್ನದ ಹೊತ್ತಿಗೇ ಕೆಂಪಿಗೆ ಇಳಿದಿತ್ತು. ಅವಳು ಸಿಲಿಂಡರನ್ನು ತಟ್ಟಿ ನೋಡಿದಳು. ಖಾಲಿ ಕೊಡದ ದನಿ ಬಂತು. ಮೇಸ್ತ್ರಿಯ ಹತ್ತಿರ ಓಡಿದಳು.

"ಇವತ್ತೇ ಸಾಯ್ಬೇಕಾ ಅವನು? ನಾಳೆ ಸಾಯೋಕ್ಕೆ ಹೇಳು," ಮೇಸ್ತ್ರಿ ಹೊಸ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. "ಸಮಾರಂಭ ಮುಗೀಲಿ. ಕಾರ್ಯದರ್ಶಿಗಳ ಕಿವಿಗೆ ಹಾಕ್ತೀನಿ. ನೀನು ಇನ್ನೂ ಸೀರೆ ಬದಲಾಯಿಸಿಲ್ವಾ? ವೇದಿಕೆ ಮೇಲೆ ಬರೋಳು, ಈ ಚಿಂದಿ ಸುತ್ಕೊಂಡು ಬರ್ತೀಯಾ?"

ತಿರುಗಿ ಬಂದಾಗ ಪೈಲ್ವಾನ ದಿಂಬು ತಬ್ಬಿಕೊಂಡು ಮುಂದಕ್ಕೆ ಬಾಗಿ ಕೂತಿದ್ದ. ಭುಜಗಳು ಕಿವಿಯ ತನಕ ಏರಿ ಇಳಿಯುತ್ತಿದ್ದವು. ಅವಳು ಪಕ್ಕದಲ್ಲಿ ಕೂತಳು. ಕೂತಾಗ ಅವಳ ತಲೆಯೊಳಗೆ ಒಂದು ಯೋಚನೆ ಕರೆಯದೆ ಬಂದು ನಿಂತಿತು: ಇವತ್ತು ರಾತ್ರಿ ಎರಡೂ ಕಿವಿ ಮುಚ್ಚಿ ಮಲಗಬಹುದು. ಅದು ಎಷ್ಟು ಸಿಹಿಯಾಗಿತ್ತೆಂದರೆ ಅವಳು ಕೂತಲ್ಲೇ ಅರೆಗಳಿಗೆ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಿನೊಳಗೆ ಬಿಳಿ ಇರಲಿಲ್ಲ, ಜರಡಿ ಇರಲಿಲ್ಲ, ಯಾರೂ ಉಸಿರಾಡುತ್ತಿರಲಿಲ್ಲ. ಬೆಚ್ಚಿ ಕಣ್ಣು ತೆರೆದಳು. ಅವನು ಅವಳನ್ನೇ ನೋಡುತ್ತಿದ್ದ. ಗೊತ್ತಾಗಿದೆ ಅವನಿಗೆ, ಅನ್ನಿಸಿತು. ಗೊತ್ತಾಗಿಯೂ ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ.

"ಅವತ್ತು," ಎಂದ. ತಡೆದ. ಎಳೆದುಕೊಂಡ. "ಚೆನ್ನಾಗಿದೀನಿ... ಅನ್ನಬಾರದಿತ್ತು... ಕಣೇ."

"ಮಾತಾಡಬೇಡಿ."

"ಮರ್ಯಾದೆಗೆ... ಅಂದೆ."

ಕಡ್ಡಿ ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಓಣಿಯುದ್ದಕ್ಕೂ ಓಡಿ ಶೆಡ್ಡಿನ ಬಾಗಿಲಲ್ಲಿ ನಿಂತು, ಯಂತ್ರದ ಗುಡುಗನ್ನು ಮೀರಿಸಿ ಕೂಗಿದಳು. ಅಷ್ಟು ದೊಡ್ಡ ದನಿ ಆ ಕಡ್ಡಿಯಂಥ ಮೈಯಲ್ಲಿ ಎಲ್ಲಿತ್ತೋ ಯಾರಿಗೂ ಗೊತ್ತಿರಲಿಲ್ಲ.

"ಗುಂಡಕ್ಕ! ಮೂಟೆ ಗಾಡಿ ತಗೊಂಡ್ ಬಾರೆ!"

ಜರಡಿಗಳು ನಿಂತವು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಲೂ ಇಲ್ಲ. ಸಮಾರಂಭಕ್ಕೆ ಸೀರೆ ಬದಲಾಯಿಸಿಕೊಂಡು ಹಿಂದಿನ ಸಾಲಿನಲ್ಲಿ ಕೂರಬೇಕೆಂದು ಅಪ್ಪಣೆಯಾಗಿತ್ತು, ಇನ್ನೂ ಯಾರೂ ಬದಲಾಯಿಸಿರಲಿಲ್ಲ. ಬಂದದ್ದು ಹಾಗೆಯೇ, ರೆಪ್ಪೆಯಿಂದ ಪಾದದವರೆಗೆ ಬಿಳಿಯಾಗಿ. ಗಾಡಿಯ ಮೇಲೆ ಖಾಲಿ ಗೋಣಿಗಳನ್ನು ಹಾಸಿ ಪೈಲ್ವಾನನನ್ನು ಕೂರಿಸಿದರು. ಒಬ್ಬಳು ಬೆನ್ನಿಗೆ ಒರಗು ಕೊಟ್ಟಳು, ಒಬ್ಬಳು ಕುತ್ತಿಗೆ ಹಿಡಿದಳು.

"ಉಸಿರು ಎಳೀರಿ ಅಣ್ಣ. ನಮ್ಮ ಜೊತೆ ಎಳೀರಿ," ಗುಂಡಕ್ಕ ತಳ್ಳುತ್ತಾ ಹೇಳಿದಳು. "ಹೂಂ, ಎಳೀರಿ. ಬಿಡಿ. ನನ್ನ ಸವತಿ ಥರ ಮುಖ ಮಾಡ್ಬೇಡಿ, ಎಳೀರಿ."

ಅವನ ತುಟಿಯ ಮೂಲೆ ಒಂದು ಸಲ ಅಲುಗಿತು. ಆಮೇಲೆ ಅಲುಗಲಿಲ್ಲ.

ಗಿರಣಿಯ ಗೇಟಿನ ಪಕ್ಕದ ಹೊಸ ಸಭಾಭವನದ ಬಾಗಿಲಲ್ಲಿ ವಾಚ್‌ಮನ್ ಕೈ ಅಡ್ಡ ಹಿಡಿದ. ಒಳಗಿನಿಂದ ನಿರೂಪಕಿಯ ದನಿ ಬರುತ್ತಿತ್ತು. ಫಲಾನುಭವಿ ವೇದಿಕೆಗೆ ಬರಬೇಕು, ಫಲಾನುಭವಿ ಬಂದಿದ್ದಾರೆಯೇ, ಬರುವ ತನಕ ದೊಡ್ಡಮ್ಮನವರು ಎರಡು ಮಾತಾಡುತ್ತಾರೆ.

"ಕರೀತಿದಾರೆ ನೋಡು," ಕಡ್ಡಿ ಹೇಳಿದಳು. "ನಾನೇ."

ವಾಚ್‌ಮನ್ ಗಾಡಿಯಲ್ಲಿದ್ದವನನ್ನು ನೋಡಿದ. ಅವನೂ ಒಂದು ಕಾಲಕ್ಕೆ ಪೈಲ್ವಾನನ ಜೊತೆ ಕಲ್ಲು ಹೊತ್ತವನು. ಕೈ ಇಳಿಸಿದ.

ಗಾಡಿ ಒಳಗೆ ಬಂದಾಗ ಮೊದಲು ಚಪ್ಪಾಳೆ ಬಿತ್ತು. ಇದೂ ಕಾರ್ಯಕ್ರಮದ ಭಾಗವೆಂದು ಮುಂದಿನ ಸಾಲಿನವರು ತಿಳಿದಿದ್ದರು. ಛಾಯಾಗ್ರಾಹಕ ಮಂಡಿಯೂರಿ ಫೋಟೋ ತೆಗೆದ. ವೇದಿಕೆಯ ಮೇಲೆ ಹೂವಿನ ಕುಂಡಗಳ ನಡುವೆ ಮೆಷಿನ್ ಇತ್ತು, ಮೈಗೆ ಕೆಂಪು ರಿಬ್ಬನ್ ಸುತ್ತಿಕೊಂಡು. ಅದರ ಪಕ್ಕ ದೊಡ್ಡಮ್ಮ ಮೈಕಿನ ಮುಂದೆ ನಿಂತು, ಕೊಡುವ ಕುಟುಂಬಕ್ಕೆ ಕಣ್ಣು ಮುಂದಿರಬೇಕು, ಹಿಂದಲ್ಲ, ಎಂದು ಓದುತ್ತಿದ್ದಳು. ಕಾರ್ಯದರ್ಶಿ ಮೆಟ್ಟಿಲ ಬಳಿ ಓಡಿಬಂದ. "ಏನಿದು, ಏನಿದು? ಅವನನ್ನ ಯಾಕೆ ತಂದ್ರಿ? ಮೈಯೆಲ್ಲ ಪುಡಿ! ಆಚೆಗೆ, ಆಚೆಗೆ..."

ಹೆಂಗಸರು ಗಾಡಿಯನ್ನು ಮೆಟ್ಟಿಲಿನ ಮೇಲಕ್ಕೆ ಮೂಟೆಯಂತೆ ಒಂದೇ ಎತ್ತಿಗೆ ಎತ್ತಿದರು. ಹೊಸ ಜಮಖಾನದ ಮೇಲೆ ಬಿಳಿ ಚಕ್ರದ ಗುರುತು ಬಿತ್ತು. ಕಡ್ಡಿ ಮೆಷಿನ್ನಿನ ರಿಬ್ಬನ್ನನ್ನು ಹಲ್ಲಿನಿಂದ ಕಚ್ಚಿ ಕಿತ್ತಳು. ವಯರು ಬಿಚ್ಚಿದಳು. ಪ್ಲಗ್ಗು ಹಿಡಿದು ಸುತ್ತ ನೋಡಿದಳು. ವೇದಿಕೆಯ ಮೇಲೆ ಇದ್ದದ್ದು ಒಂದೇ ಸ್ವಿಚ್ ಬೋರ್ಡು. ಅದರಲ್ಲಿ ಮೈಕಿನ ಪ್ಲಗ್ಗು ಇತ್ತು.

ಅವಳು ಅದನ್ನು ಕಿತ್ತಳು.

ದೊಡ್ಡಮ್ಮ ಇನ್ನೂ ಓದುತ್ತಲೇ ಇದ್ದಳು. ಮೈಕಿಲ್ಲದೆ ಅವಳ ದನಿ ಯಾವುದೇ ಮುದುಕಿಯ ದನಿಯಂತೆ ಸಣ್ಣಗೆ, ನಡುಗುತ್ತಾ, ಎರಡನೇ ಸಾಲಿಗೂ ಮುಟ್ಟದೆ ಬಿದ್ದುಹೋಯಿತು. ಕಡ್ಡಿ ಮೆಷಿನ್ನಿನ ಪ್ಲಗ್ಗು ಚುಚ್ಚಿ ಸ್ವಿಚ್ಚು ಹಾಕಿದಳು. ನಳಿಗೆಯನ್ನು ಗಂಡನ ಮೂಗಿಗೆ ಸಿಕ್ಕಿಸಿ, ಕಿವಿಯ ಹಿಂದೆ ಸುತ್ತಿ, ಗಲ್ಲದ ಕೆಳಗೆ ಬಿಗಿ ಮಾಡಿದಳು. ಮೆಷಿನ್ ಒಂದು ಸಲ ಕೀಚೆಂದು, ಬುಸ್ಸೆಂದು ಎಳೆಯಿತು.

"ಹಿಡೀರಿ ಅವಳನ್ನ! ತೆಗೀರಿ ಅದನ್ನ!" ಸಣ್ಣಮ್ಮನ ದನಿ. ಕಾರ್ಯದರ್ಶಿ ಬೋರ್ಡಿನ ಕಡೆ ಬಗ್ಗಿದ.

ಅವನಿಗಿಂತ ಮುಂಚೆ ಗುಂಡಕ್ಕ ಬಂದು ಬೋರ್ಡಿಗೆ ಬೆನ್ನು ಕೊಟ್ಟು ಕೂತುಬಿಟ್ಟಳು. ಕಾಲು ಚಾಚಿದಳು. "ಬಾರೋ," ಎಂದಳು ಮೆತ್ತಗೆ. "ನನ್ನ ಮೈ ಮೇಲೆ ಕೈಹಾಕಿ ತೆಗಿ. ಇಷ್ಟು ಜನರ ಮುಂದೆ."

ಅವನು ಬಗ್ಗಿದಲ್ಲೇ ನಿಂತ. ಉಳಿದ ಹೆಂಗಸರು ಒಬ್ಬೊಬ್ಬರಾಗಿ ಗುಂಡಕ್ಕನ ಸುತ್ತ, ಗಾಡಿಯ ಸುತ್ತ, ಹೂವಿನ ಕುಂಡಗಳ ನಡುವೆ ಕೂತರು. ಕೂತಲ್ಲೆಲ್ಲ ಬಿಳಿ ಉದುರಿತು. ಮುಂದಿನ ಸಾಲಿನಲ್ಲಿ ಯಾರೋ ಕರವಸ್ತ್ರ ಮೂಗಿಗೆ ಹಿಡಿದರು.

ಸಭೆಯಲ್ಲಿ ಬೇರೆ ಸದ್ದಿರಲಿಲ್ಲ. ಬುಸ್ಸೆಂದು ಎಳೆಯುವುದು, ಟಕ್ಕೆಂದು ಬಿಡುವುದು. ಹಿಂದಿನ ಗೋಡೆಯ ತನಕ ಅದೇ ಕೇಳಿಸುತ್ತಿತ್ತು. ದೊಡ್ಡಮ್ಮ ಕೈಯಲ್ಲಿದ್ದ ಹಾಳೆಯನ್ನು ಮಡಿಸಿ, ಮುಂದಕ್ಕೆ ಬಾಗಿ, ಗಾಡಿಯಲ್ಲಿ ಒರಗಿದ್ದವನನ್ನು ದಿಟ್ಟಿಸಿದಳು. "ಹೇಗಿದಾನಮ್ಮ?" ಎಂದು ಕೇಳಿದಳು.

ಕಡ್ಡಿ ಗಂಡನ ಎದೆಯ ಕಡೆ ತಿರುಗಲಿಲ್ಲ. ತಿರುಗಿದರೆ ಅದು ಏಳುತ್ತಿದೆಯೋ ಇಲ್ಲವೋ ಗೊತ್ತಾಗಿಬಿಡುತ್ತಿತ್ತು.

"ನೀವೇ ನೋಡಿ ಹೇಳಿ," ಎಂದಳು.